ಟರ್ಬಿನಾಫಿನ್‌ಗೆ ಬಗ್ಗದ ಹುಳುಕಡ್ಡಿ: ಚರ್ಮದ ಹೊಟ್ಟಿನಿಂದ 397ನೇ ಕೋಡಾನ್‌ವರೆಗೆ

ಜೂನ್‌ನಲ್ಲಿ ಮಳೆ ಹಿಡಿದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಹುಳುಕಡ್ಡಿಯ ಮಾದರಿಗಳು ಬರುವುದು ಹೆಚ್ಚುತ್ತದೆ. ಒದ್ದೆ ಬಟ್ಟೆಯಲ್ಲೇ ನೆಟ್ಟಿ, ಅಡಿಕೆಗೆ ಔಷಧಿ ಹೊಡೆಯುವ ಕೆಲಸ, ಒಲೆಯ ಮೇಲೆ ಹಾಕಿದರೂ ಮೂರು ದಿನ ಒಣಗದ ಒಳಬಟ್ಟೆ. ತೊಡೆಸಂದು ಮತ್ತು ಸೊಂಟದ ಪಟ್ಟಿ ಕೂರುವ ಜಾಗದಲ್ಲಿ ಶುರುವಾಗಿ ಬೆನ್ನಿಗೆ ಹಬ್ಬುತ್ತದೆ. ಶಿಲೀಂಧ್ರ ಕೊಲ್ಲುವ ಟರ್ಬಿನಾಫಿನ್ ಮಾತ್ರೆ ತಿಂಗಳುಗಟ್ಟಲೆ ತಿಂದರೂ ಹೋಗಲಿಲ್ಲ ಎಂಬ ಚೀಟಿಯೊಂದಿಗೆ ಬರುವ ಮಾದರಿಗಳ ಮೇಲೆ ನಾವು ಮಾಡುವ ಕೆಲಸ ಇಲ್ಲಿದೆ. ಸಣ್ಣ ಊರಿನ ಪ್ರಯೋಗಾಲಯದಲ್ಲಿ ಮಾಡಬಹುದಾದಷ್ಟನ್ನೇ ಬರೆದಿದ್ದೇವೆ. ಸೀಕ್ವೆನ್ಸಿಂಗ್, ಅಂದರೆ ಜೀನ್‌ನ ಅಕ್ಷರ ಓದುವ ಕೆಲಸ, ಒಂದನ್ನು ಮಾತ್ರ ಬೆಂಗಳೂರಿಗೆ ಕಳಿಸುತ್ತೇವೆ.

ಒಂದು ಮಾತು ಮೊದಲೇ ಹೇಳಬೇಕು. ಮಾತ್ರೆ ನಾಟಲಿಲ್ಲ ಎಂದ ಮಾತ್ರಕ್ಕೆ ಶಿಲೀಂಧ್ರವೇ ಮದ್ದಿಗೆ ಬಗ್ಗುತ್ತಿಲ್ಲ ಎಂದಲ್ಲ. ಅರ್ಧಕ್ಕೆ ಬಿಟ್ಟಿರಬಹುದು, ಮನೆಯಲ್ಲಿ ಇನ್ನೊಬ್ಬರಿಂದ ಮತ್ತೆ ಅಂಟಿರಬಹುದು, ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚುತ್ತಿರಬಹುದು. ಜೀನ್‌ನಲ್ಲಿ ಬದಲಾವಣೆ ಕಂಡು, ಪ್ಲೇಟ್‌ನಲ್ಲೂ ಅದೇ ತಳಿ ಮದ್ದನ್ನು ಮೀರಿ ಬೆಳೆದರೆ ಮಾತ್ರ ‘ಪ್ರತಿರೋಧ’ ಎಂದು ಬರೆಯುತ್ತೇವೆ. ಎರಡರಲ್ಲಿ ಒಂದೇ ಇದ್ದರೆ ಪರೀಕ್ಷೆಯನ್ನು ಮತ್ತೆ ಮಾಡುತ್ತೇವೆ.

ಮದ್ದು ಎಲ್ಲಿ ಕೂರುತ್ತದೆ

ಶಿಲೀಂಧ್ರದ ಕೋಶದ ಪೊರೆಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನ ಬಗೆಯ ವಸ್ತು (ಸ್ಟೆರಾಲ್) ಬೇಕು. ಅದನ್ನು ತಯಾರಿಸುವ ದಾರಿಯಲ್ಲಿ ಸ್ಕ್ವಾಲೀನ್ ಎಂಬ ಎಣ್ಣೆಯಂಥ ವಸ್ತುವಿಗೆ ಆಮ್ಲಜನಕ ಸೇರಿಸುವ ಕಿಣ್ವ ಸ್ಕ್ವಾಲೀನ್ ಇಪಾಕ್ಸಿಡೇಸ್. ಅದರ ಜೀನ್ ಎಸ್‌ಕ್ಯೂಎಲ್‌ಇ. ಟರ್ಬಿನಾಫಿನ್ ಈ ಕಿಣ್ವಕ್ಕೆ ಅಂಟಿ ಕೆಲಸ ನಿಲ್ಲಿಸುತ್ತದೆ. ಆಗ ಪೊರೆಗೆ ಎರ್ಗೊಸ್ಟೆರಾಲ್ ಸಾಲದೆ ಬರುತ್ತದೆ, ಇತ್ತ ಸ್ಕ್ವಾಲೀನ್ ಒಳಗೇ ತುಂಬಿಕೊಂಡು ವಿಷವಾಗುತ್ತದೆ. ಈ ಎರಡು ಪೆಟ್ಟಿನಿಂದಲೇ ಟರ್ಬಿನಾಫಿನ್ ಶಿಲೀಂಧ್ರದ ಬೆಳವಣಿಗೆ ತಡೆಯುವುದಷ್ಟೇ ಅಲ್ಲ, ಕೊಲ್ಲುತ್ತದೆ ಕೂಡ. ಇಟ್ರಾಕೊನಜೋಲ್ ಮೊದಲಾದ ಅಜೋಲ್ ಗುಂಪಿನ ಮದ್ದುಗಳು ಅದೇ ದಾರಿಯಲ್ಲಿ ಮುಂದಿನ ಇನ್ನೊಂದು ಕಿಣ್ವವನ್ನು, ಅಂದರೆ ಸಿವೈಪಿ51 ಅನ್ನು ಹಿಡಿಯುತ್ತವೆ. ಆದ್ದರಿಂದ ಎಸ್‌ಕ್ಯೂಎಲ್‌ಇಯ ಬದಲಾವಣೆ ಒಂದೇ ಇದ್ದರೆ ಇಟ್ರಾಕೊನಜೋಲ್ ಕೆಲಸ ಮಾಡುವ ಸಾಧ್ಯತೆ ಉಳಿದಿರುತ್ತದೆ. ಜೀನ್ ಓದುವುದಕ್ಕೆ ಇಷ್ಟು ಖರ್ಚು ಮಾಡುವುದು ಇದಕ್ಕೇ.

ತೋಟದವರು ಆಗಾಗ ಕೇಳುವ ಪ್ರಶ್ನೆಗೆ ಇಲ್ಲೇ ಉತ್ತರ: ಅಡಿಕೆಯ ಕೊಳೆರೋಗ ತರುವ ಫೈಟಾಫ್ತೊರ ನಿಜವಾದ ಶಿಲೀಂಧ್ರವಲ್ಲ, ತನ್ನ ಸ್ಟೆರಾಲ್ ಅನ್ನು ತಾನೇ ತಯಾರಿಸುವುದೂ ಇಲ್ಲ. ಕೊಳೆಯ ಔಷಧಿಗೂ ಚರ್ಮದ ಹುಳುಕಡ್ಡಿ ಮದ್ದಿಗೆ ಬಗ್ಗದಿರುವುದಕ್ಕೂ ಸಂಬಂಧವಿಲ್ಲ.

ಈಗ ನಮ್ಮ ಕಡೆ ಹೆಚ್ಚು ಕಾಡುವ ಶಿಲೀಂಧ್ರ ಟ್ರೈಕೊಫೈಟಾನ್ ಇಂಡೊಟಿನಿಯೇ. ಮೊದಲು ಟ್ರೈಕೊಫೈಟಾನ್ ಮೆಂಟಗ್ರೊಫೈಟಿಸ್‌ನ ಐಟಿಎಸ್ 8ನೇ ಜೀನೋಟೈಪ್ ಎನ್ನುತ್ತಿದ್ದರು (ಐಟಿಎಸ್ ಎಂದರೆ ಶಿಲೀಂಧ್ರದ ಜಾತಿ ಗುರುತಿಸಲು ಓದುವ ಡಿಎನ್‌ಎ ತುಣುಕು). 2020ರಲ್ಲಿ ಜಪಾನಿನ ಸಂಶೋಧಕರು, ಅಲ್ಲಿದ್ದ ಭಾರತ ಮತ್ತು ನೇಪಾಳ ಮೂಲದ ರೋಗಿಗಳಿಂದ ತೆಗೆದ ತಳಿಗಳ ಮೇಲೆ, ಬೇರೆ ಹೆಸರಿಟ್ಟರು. ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ಅದರ ಬಳಗದಿಂದ ಬೇರೆ ಮಾಡಲು ಆಗುವುದಿಲ್ಲ. ಐಟಿಎಸ್ ಓದಲೇಬೇಕು.

ಕೆರೆಯುವ ಕೆಲಸ

ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ. ಜಾಗವನ್ನು ಶೇಕಡಾ 70ರ ಆಲ್ಕೊಹಾಲ್‌ನಿಂದ ಒರೆಸಿ, ಪೂರ್ತಿ ಆರಲು ಬಿಟ್ಟು, 15ನೇ ನಂಬರಿನ ಬ್ಲೇಡಿನ ಬೆನ್ನಿನಿಂದ ಉಂಗುರದ ಏರಿದ ಅಂಚನ್ನು ಒಳಗಿನಿಂದ ಹೊರಕ್ಕೆ ಕೆರೆಯಬೇಕು. ನಡುವಿನ ಕಪ್ಪುಗಟ್ಟಿದ ಚರ್ಮದಲ್ಲಿ ಜೀವಂತ ಶಿಲೀಂಧ್ರ ಕಡಿಮೆ. ಹೊಟ್ಟನ್ನು ಕಪ್ಪು ಕಾಗದದ ಮೇಲೆ ಉದುರಿಸಿ ಮಡಚಿಡಿ. ಕಪ್ಪಿನ ಮೇಲೆ ಎಷ್ಟು ಬಂತು ಎಂದು ಕಣ್ಣಿಗೆ ಕಾಣುತ್ತದೆ, ಕಾಗದ ತೇವವನ್ನೂ ಬಿಡುತ್ತದೆ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಮುಚ್ಚಿ ಕಳಿಸಿದರೆ ಮಳೆಗಾಲದಲ್ಲಿ ಎರಡೇ ದಿನಕ್ಕೆ ಒಳಗೆ ಬೆವರಿ, ಬ್ಯಾಕ್ಟೀರಿಯಾ ಮೇಲುಗೈ ಪಡೆಯುತ್ತದೆ.

ಹಚ್ಚಿದ ಮದ್ದಿನ ವಿಚಾರ ಕೇಳುವುದಕ್ಕೂ ಒಂದು ಕ್ರಮ ಬೇಕು. “ಏನಾದ್ರೂ ಹಚ್ಚಿದೀರಾ ಅಣ್ಣ?” ಎಂದರೆ “ಏನೂ ಇಲ್ಲ” ಎಂದೇ ಉತ್ತರ. “ಮೆಡಿಕಲ್ ಶಾಪಿಂದ ತಂದ ಟ್ಯೂಬು?” ಎಂದು ಕೇಳಿದರೆ, “ಓ ಅದಾ, ಅದು ಬರೀ ತುರಿಕೆ ಮುಲಾಮು ಮಾರಾಯ್ರೆ” ಎನ್ನುತ್ತಾರೆ. ಆ ಟ್ಯೂಬನ್ನೇ ತರಿಸಿ ಓದಿ. ಕ್ಲೊಬೆಟಸಾಲ್ ಅಥವಾ ಬೆಕ್ಲೊಮೆಥಸೋನ್ ಇದ್ದರೆ ಅರ್ಜಿಯ ಮೇಲೆ ಬರೆಯಿರಿ. ಸ್ಟೀರಾಯ್ಡ್ ತುರಿಕೆ, ಕೆಂಪು ಎರಡನ್ನೂ ಅಡಗಿಸುತ್ತದೆ. ಶಿಲೀಂಧ್ರ ಮಾತ್ರ ಎದುರಾಳಿ ಇಲ್ಲದೆ ಹಬ್ಬುತ್ತದೆ. ಇಂಥ ಚರ್ಮದ ಹೊಟ್ಟಿನಲ್ಲಿ ಎಳೆಗಳು ಕಿಕ್ಕಿರಿದಿರುವುದನ್ನು ಕಂಡು ‘ಪ್ರತಿರೋಧಿ ತಳಿ’ ಎಂದು ಊಹಿಸುವವರಿದ್ದಾರೆ. ಊಹಿಸಬೇಡಿ. ಶಿಲೀಂಧ್ರನಾಶಕ ಮುಲಾಮು ಹಚ್ಚುತ್ತಿದ್ದರೆ, ವೈದ್ಯರು ಒಪ್ಪಿದರೆ, ಒಂದೆರಡು ವಾರ ನಿಲ್ಲಿಸಿ ಕೆರೆದದ್ದು ಕಲ್ಚರ್‌ನಲ್ಲಿ, ಅಂದರೆ ಪ್ಲೇಟ್‌ನಲ್ಲಿ ಬೆಳೆಸಿದಾಗ, ಚೆನ್ನಾಗಿ ಬರುತ್ತದೆ.

ಅರ್ಧ ಹೊಟ್ಟು ಶೇಕಡಾ 10ರ ಕೆಓಹೆಚ್‌ಗೆ (ಚರ್ಮದ ಕೋಶ ಕರಗಿಸುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರವ), ಅರ್ಧ ಕಲ್ಚರ್‌ಗೆ. ಕೆಓಹೆಚ್ ಹಾಕಿ 15–20 ನಿಮಿಷ ಕಾಯಿರಿ; ಅವಸರಕ್ಕೆ ದೀಪದ ಮೇಲೆ ಕುದಿಸಿದರೆ ಹರಳುಗಟ್ಟಿ ಏನೂ ಕಾಣುವುದಿಲ್ಲ. ಅಡ್ಡಗೋಡೆಗಳಿರುವ, ಕವಲೊಡೆದ, ಜೀವಕೋಶಗಳ ಗಡಿಯನ್ನು ಲೆಕ್ಕಿಸದೆ ಹಾಯುವ ಎಳೆ ಶಿಲೀಂಧ್ರ. ಕೋಶಗಳ ಗಡಿಯನ್ನೇ ಬಳಸಿಕೊಂಡು ಬಲೆಯಂತೆ ಹೋಗುವ ಗೆರೆ ಕೊಬ್ಬಿನ ಹರಳು. ಹೊಸಬರು ಮೋಸಹೋಗುವುದು ಅಲ್ಲಿ.

ಕಲ್ಚರ್, ಮಳೆಗಾಲ, ನುಸಿ

ಶಿಲೀಂಧ್ರ ಬೆಳೆಸುವ ಮಾಧ್ಯಮ ಸಬೊರೋಡ್ ಡೆಕ್ಸ್‌ಟ್ರೋಸ್ ಅಗಾರ್ ಲೀಟರಿಗೆ 65 ಗ್ರಾಂ. ಅದಕ್ಕೆ ಕ್ಲೊರಾಂಫೆನಿಕಾಲ್ 50 ಮಿ.ಗ್ರಾಂ ಅನ್ನು 10 ಮಿ.ಲೀ. ಆಲ್ಕೊಹಾಲ್‌ನಲ್ಲಿ, ಸೈಕ್ಲೊಹೆಕ್ಸಿಮೈಡ್ 500 ಮಿ.ಗ್ರಾಂ ಅನ್ನು 10 ಮಿ.ಲೀ. ಅಸಿಟೋನ್‌ನಲ್ಲಿ ಕರಗಿಸಿ, ಬೆಂಕಿ ಆರಿಸಿದ ಮೇಲೆ, ಬಿಸಿ ಮಾಧ್ಯಮಕ್ಕೆ ಸೇರಿಸಿ ಆಟೊಕ್ಲೇವ್ ಮಾಡುತ್ತೇವೆ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವುದು). ಎರಡೂ ಶಾಖ ತಡೆಯುತ್ತವೆ. ಸೈಕ್ಲೊಹೆಕ್ಸಿಮೈಡ್ ಮನುಷ್ಯರಿಗೂ ವಿಷ. ಪುಡಿ ತೂಗುವಾಗ ಕೈಗವಸು, ಮಾಸ್ಕ್ ಬಿಡಬೇಡಿ. ಈ ಒಂದು ವಸ್ತು ಇಲ್ಲದಿದ್ದರೆ ಮಲೆನಾಡಿನ ಜುಲೈ ತಿಂಗಳಲ್ಲಿ ಪ್ಲೇಟ್ ತುಂಬ ಗಾಳಿಯ ಆಸ್ಪರ್ಜಿಲಸ್, ಪೆನಿಸಿಲಿಯಂ ಮಾತ್ರ ಬೆಳೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ. ಗೋಡೆಗೆ, ಚಪ್ಪಲಿಗೆ, ಪುಸ್ತಕಕ್ಕೆ ಹಿಡಿಯುವ ಬೂಸ್ಟು ಇನ್‌ಕ್ಯುಬೇಟರ್ ಬಾಗಿಲಿನ ರಬ್ಬರಿಗೂ ಹಿಡಿಯುತ್ತದೆ. ಆ ರಬ್ಬರನ್ನು ವಾರಕ್ಕೊಮ್ಮೆ ಆಲ್ಕೊಹಾಲ್‌ನಿಂದ ಒರೆಸದಿದ್ದರೆ ಬಾಗಿಲು ತೆರೆದಾಗಲೆಲ್ಲ ಬೀಜಕಗಳು ಒಳಗಿನ ಪ್ಲೇಟ್‌ಗಳ ಮೇಲೆ ಉದುರುತ್ತವೆ.

ಹೊಟ್ಟನ್ನು ಅಗಾರ್ ಮೇಲೆ ಆರೇಳು ಕಡೆ ಒತ್ತಿ, 28 ಡಿಗ್ರಿಯಲ್ಲಿಡಿ. ಇಂಡೊಟಿನಿಯೇ ಚುರುಕು, 5–7 ದಿನಕ್ಕೆ ಬಿಳಿ, ಹಿಟ್ಟು ಚೆಲ್ಲಿದಂಥ ಕಾಲನಿ ಕಾಣುತ್ತದೆ. ‘ಬೆಳವಣಿಗೆ ಇಲ್ಲ’ ಎಂದು ಬರೆಯುವ ಮುನ್ನ ನಾಲ್ಕು ವಾರ ಕಾಯಬೇಕು.

ನುಸಿಯ ವಿಚಾರವನ್ನು ಪಠ್ಯಗಳಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಮ್ಮಲ್ಲಿ ಅದು ಒಂದು ಸಾಲಿನ ವಿಚಾರವಲ್ಲ. ತೇವದ ತಿಂಗಳುಗಳಲ್ಲಿ ಕಣ್ಣಿಗೆ ಕಂಡೂ ಕಾಣದ ಬಿಳಿ ನುಸಿಗಳು ಪ್ಲೇಟ್‌ಗೆ ಹೊಕ್ಕು ಶಿಲೀಂಧ್ರ ತಿನ್ನುತ್ತವೆ. ಒಂದು ಪ್ಲೇಟ್‌ನಿಂದ ಇನ್ನೊಂದಕ್ಕೆ ಬೀಜಕ ಹೊತ್ತೊಯ್ಯುತ್ತವೆ. ಖಾಲಿ ಅಗಾರ್ ಮೇಲೆ ಚುಕ್ಕಿ ಚುಕ್ಕಿಯಾಗಿ, ಡೊಂಕು ಸಾಲಿನಲ್ಲಿ, ಸಣ್ಣ ಬ್ಯಾಕ್ಟೀರಿಯಾ ಕಾಲನಿಗಳು ಎದ್ದಿದ್ದರೆ ಅದು ನುಸಿಯ ಹೆಜ್ಜೆಗುರುತು. ಪ್ಲೇಟನ್ನು ಓರೆ ಬೆಳಕಿಗೆ ಹಿಡಿದರೆ ಆ ಸಾಲು ಅಂಚಿನಲ್ಲಿ ಎಲ್ಲಿಂದ ಹೊಕ್ಕಿತು ಎಂಬುದೂ ತಿಳಿಯುತ್ತದೆ. ಅಂಥ ಪ್ಲೇಟ್ ಕಂಡರೆ ಅದೊಂದನ್ನೇ ಅಲ್ಲ, ಅದೇ ತಟ್ಟೆಯ ಅಷ್ಟನ್ನೂ ಆಟೊಕ್ಲೇವ್‌ಗೆ ಹಾಕಬೇಕು. ಏಕೆಂದರೆ ಎರಡು ರೋಗಿಗಳ ತಳಿ ಹೀಗೆ ಬೆರೆತರೆ ಮುಂದೆ ಜೀನ್ ಓದಿನಲ್ಲಿ ಅರ್ಥವಾಗದ ಗೊಂದಲ ಬರುತ್ತದೆ. ಪ್ಲೇಟ್‌ಗಳ ಅಂಚಿಗೆ ಪ್ಯಾರಾಫಿಲ್ಮ್ ಸುತ್ತಿ, ಇಟ್ಟ ಟ್ರೇಯನ್ನು ಎಣ್ಣೆ ಹಾಕಿದ ಅಗಲ ತಟ್ಟೆಯ ನಡುವೆ ನಿಲ್ಲಿಸುತ್ತೇವೆ. ಇರುವೆ ಬಾರದಂತೆ ಬೆಲ್ಲದ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಡುವ ಉಪಾಯವೇ.

ಶುದ್ಧ ಕಾಲನಿಯಿಂದ ಒಂದೇ ಬೀಜಕದ ಕಾಲನಿ ತೆಗೆದುಕೊಳ್ಳುವುದನ್ನು ಬಿಡಬೇಡಿ. ಬೀಜಕದ ದ್ರವವನ್ನು ತೆಳುಮಾಡಿ ಹರಡಿ, 3ನೇ ದಿನ ಒಂಟಿಯಾಗಿ ಎದ್ದ ಚುಕ್ಕಿಯನ್ನು ಎತ್ತಿದರೆ ಸಾಕು.

ಮೊದಲ ಜರಡಿ

ಎಲ್ಲ ತಳಿಗೂ ಪೂರ್ತಿ ಎಂಐಸಿ, ಅಂದರೆ ಬೆಳವಣಿಗೆ ತಡೆಯುವ ಕನಿಷ್ಠ ಸಾಂದ್ರತೆ, ನೋಡುವುದು ಕಷ್ಟ. ಅದಕ್ಕೆ ಒಂದು ಜರಡಿ ಇದೆ. ಶುದ್ಧ ಟರ್ಬಿನಾಫಿನ್ ಪುಡಿಯನ್ನು ಡಿಎಂಎಸ್‌ಓ ಎಂಬ ದ್ರಾವಕದಲ್ಲಿ ಮಿ.ಲೀ.ಗೆ 1 ಮಿ.ಗ್ರಾಂ ಇರುವಂತೆ ಕರಗಿಸಿ. 500 ಮಿ.ಲೀ. ಅಗಾರ್ 50 ಡಿಗ್ರಿಗೆ ಇಳಿದಾಗ ಅದರಿಂದ 100 ಮೈಕ್ರೋಲೀಟರ್ ಸೇರಿಸಿ ಕಲಕಿ ಸುರಿಯಿರಿ, ಮಿ.ಲೀ.ಗೆ 0.2 ಮೈಕ್ರೋಗ್ರಾಂ ಆಯಿತು. ಇನ್ನೊಂದು ಬ್ಯಾಚಿಗೆ ಅಷ್ಟೇ ಡಿಎಂಎಸ್‌ಓ ಮಾತ್ರ. ಎರಡರ ಮೇಲೂ ಬೀಜಕ ದ್ರವ 10 ಮೈಕ್ರೋಲೀಟರ್ ಹನಿ ಇಟ್ಟು 28 ಡಿಗ್ರಿಯಲ್ಲಿ 5 ದಿನ. ಮದ್ದಿಲ್ಲದ್ದರಲ್ಲಿ ಬೆಳೆದು ಮದ್ದಿದ್ದದ್ದರಲ್ಲಿ ಬೆಳೆಯದಿದ್ದರೆ ಸಾಮಾನ್ಯ ತಳಿ. ಎರಡರಲ್ಲೂ ಬೆಳೆದರೆ ಮುಂದಿನ ಹಂತಕ್ಕೆ. ಎರಡರಲ್ಲೂ ಬೆಳೆಯದಿದ್ದರೆ ಬೀಜಕ ಸತ್ತಿದೆ, ಮದ್ದಿನ ಬಗ್ಗೆ ಏನೂ ಹೇಳಬೇಡಿ. ಪ್ರತಿ ಬ್ಯಾಚಿನಲ್ಲಿ ಗೊತ್ತಿರುವ ಒಂದು ಸಾಮಾನ್ಯ ತಳಿ, ಗೊತ್ತಿರುವ ಒಂದು ಪ್ರತಿರೋಧಿ ತಳಿಯ ಹನಿಯೂ ಇರಲೇಬೇಕು.

ಅಂಗಡಿಯ ಮಾತ್ರೆ ಪುಡಿಮಾಡಿ ಬಳಸಿದರೆ ಏನು ಎಂದು ಕೇಳುತ್ತಾರೆ. ಅದರಲ್ಲಿರುವ ಸೆಲ್ಯುಲೋಸ್ ಡಿಎಂಎಸ್‌ಓದಲ್ಲಿ ಕರಗದೆ ಕದಡುತ್ತದೆ, ಎಷ್ಟು ಮದ್ದು ಕರಗಿತು ಎಂಬ ಲೆಕ್ಕ ಸಿಗದು. ಶುದ್ಧ ಪುಡಿಯಲ್ಲೂ ಒಂದು ಲೆಕ್ಕ ತಪ್ಪುತ್ತದೆ: ಅದು ಸಾಮಾನ್ಯವಾಗಿ ಹೈಡ್ರೊಕ್ಲೋರೈಡ್ ಲವಣ. ಟರ್ಬಿನಾಫಿನ್‌ನ ಅಣುತೂಕ 291.4, ಲವಣದ್ದು 327.9. ಆದ್ದರಿಂದ 10 ಮಿ.ಗ್ರಾಂ ಮದ್ದು ಬೇಕಾದರೆ 11.25 ಮಿ.ಗ್ರಾಂ ಲವಣ ತೂಗಬೇಕು; ಬಾಟಲಿಯ ಮೇಲಿನ ಶುದ್ಧತೆ ಶೇಕಡಾ 98 ಎಂದಿದ್ದರೆ ಅದಕ್ಕೂ ಸರಿದೂಗಿಸಬೇಕು.

ಎಂಐಸಿ ಪ್ಲೇಟ್

ನಾವು ಅನುಸರಿಸುವುದು ಪ್ರಯೋಗಾಲಯ ಪರೀಕ್ಷೆಗಳಿಗೆ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ ಸಿಎಲ್‌ಎಸ್‌ಐನ ಎಂ38 ವಿಧಾನ. ಆರ್‌ಪಿಎಂಐ 1640 ಎಂಬ ದ್ರವ ಮಾಧ್ಯಮ (ಗ್ಲುಟಮಿನ್ ಇರುವ, ಬೈಕಾರ್ಬೊನೇಟ್ ಇಲ್ಲದ ಪುಡಿ) ಲೀಟರಿಗೆ 10.4 ಗ್ರಾಂ, ಪಿಹೆಚ್ ಕಾಯುವ ಎಂಓಪಿಎಸ್ 34.53 ಗ್ರಾಂ, ಪಿಹೆಚ್ 7.0ಕ್ಕೆ ತಂದು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಬೇಕು. ಆಟೊಕ್ಲೇವ್ ಮಾಡಿದರೆ ಗ್ಲುಟಮಿನ್ ಕೆಡುತ್ತದೆ.

ಟರ್ಬಿನಾಫಿನ್ ನೀರಿಗೆ ಒಲ್ಲದ ಮದ್ದು, ಪ್ಲಾಸ್ಟಿಕ್‌ಗೂ ಅಂಟುತ್ತದೆ. ಆದ್ದರಿಂದ ನೇರ ಪ್ಲೇಟ್‌ನಲ್ಲೇ ಅರ್ಧರ್ಧ ಮಾಡುತ್ತ ಹೋಗಬೇಡಿ. ಮೊದಲು ಡಿಎಂಎಸ್‌ಓದಲ್ಲೇ ನೂರು ಪಟ್ಟಿನ ಸರಣಿ ಮಾಡಿಕೊಳ್ಳಿ: ಮಿ.ಲೀ.ಗೆ 3,200 ಮೈಕ್ರೋಗ್ರಾಂನಿಂದ ಶುರುವಾಗಿ ಅರ್ಧರ್ಧ. ಪ್ರತಿಯೊಂದನ್ನೂ ಆರ್‌ಪಿಎಂಐನಲ್ಲಿ 50 ಪಟ್ಟು ತೆಳುಮಾಡಿದರೆ ಮೊದಲನೆಯದು 64 ಆಗುತ್ತದೆ. ಪ್ಲೇಟ್‌ನ ಬಾವಿಯಲ್ಲಿ (ಸಣ್ಣ ಕುಳಿಯಲ್ಲಿ) ಅದು 100 ಮೈಕ್ರೋಲೀಟರ್, ಬೀಜಕ ದ್ರವ 100 ಮೈಕ್ರೋಲೀಟರ್ ಸೇರಿದಾಗ 32. ಡಿಎಂಎಸ್‌ಓ ಎಲ್ಲ ಬಾವಿಗಳಲ್ಲೂ ಶೇಕಡಾ 1ರಷ್ಟೇ. 32ರಿಂದ 0.06ರವರೆಗೆ ಬಾವಿಗಳ ಹತ್ತು ಕಂಬಸಾಲು, 11ನೆಯದು ಮದ್ದಿಲ್ಲದ ಬೆಳವಣಿಗೆ, 12ನೆಯದು ಬೀಜಕವಿಲ್ಲದ ಖಾಲಿ. ಸಾಮಾನ್ಯ ತಳಿಗಳೂ ಗುಣಮಟ್ಟ ಪರೀಕ್ಷೆಯ ಎಟಿಸಿಸಿ ಎಂವೈಎ-4439 ತಳಿಯೂ 0.06ಕ್ಕಿಂತ ಕೆಳಗೇ ನಿಲ್ಲುವುದರಿಂದ ಅವಕ್ಕೆ ಇನ್ನೂ ಕೆಳಗಿನ ಸಾಂದ್ರತೆಯ ಬೇರೆ ಪ್ಲೇಟ್ ಬೇಕು.

ಬೀಜಕ ತೆಗೆಯುವಲ್ಲಿ ಅರ್ಧ ತಪ್ಪುಗಳು ಆಗುತ್ತವೆ. ಓಟ್‌ಮೀಲ್ ಅಗಾರ್ ಮೇಲೆ 30 ಡಿಗ್ರಿಯಲ್ಲಿ ಒಂದು ವಾರ ಬೆಳೆಸಿ, ಶೇಕಡಾ 0.1 ಟ್ವೀನ್ (ಸೋಪಿನಂಥ ದ್ರವ) ಹಾಕಿದ ಶುದ್ಧ ನೀರು ಎರೆದು ಮೆಲ್ಲಗೆ ಉಜ್ಜಿ, 8 ಮೈಕ್ರಾನ್‌ನ ಫಿಲ್ಟರ್ ಕಾಗದದಲ್ಲಿ ಸೋಸಿ. ಸೋಸದಿದ್ದರೆ ಎಳೆಯ ತುಂಡುಗಳು ಸೇರಿಕೊಳ್ಳುತ್ತವೆ. ಅವು ಬೀಜಕಕ್ಕಿಂತ ದೊಡ್ಡವು, ಬೇಗ ಬೆಳೆಯುತ್ತವೆ, ಎಂಐಸಿ ಸುಳ್ಳಾಗಿ ಏರುತ್ತದೆ. ಕೋಶ ಎಣಿಸುವ ನ್ಯೂಬಾವರ್ ಗಾಜಿನಲ್ಲಿ ನಾಲ್ಕು ಮೂಲೆ ಚೌಕಗಳಲ್ಲಿ ಒಟ್ಟು 60 ಬೀಜಕ ಇದ್ದರೆ ಸರಾಸರಿ 15; ಅದನ್ನು 10,000ದಿಂದ ಗುಣಿಸಿದರೆ ಮಿ.ಲೀ.ಗೆ 1,50,000. ಆರ್‌ಪಿಎಂಐನಲ್ಲಿ 50 ಪಟ್ಟು ತೆಳುಮಾಡಿದರೆ 3,000. ಬಾವಿಯಲ್ಲಿ ಮದ್ದಿನೊಡನೆ ಬೆರೆತಾಗ 1,500. ಬೇಕಾದದ್ದು 1,000ದಿಂದ 3,000. ಎಣಿಸಿದ್ದೆಲ್ಲ ಬದುಕಿದೆಯೇ ಎಂದು ನೋಡಲು 3,000ದ ದ್ರವವನ್ನು ಇನ್ನೂ ಹತ್ತು ಪಟ್ಟು ತೆಳುಮಾಡಿ 100 ಮೈಕ್ರೋಲೀಟರ್ ಹರಡಿ; ಸುಮಾರು 30 ಕಾಲನಿ ಬರಬೇಕು. ಏಳೆಂಟೇ ಬಂದರೆ ಆ ಪ್ಲೇಟಿನ ಓದನ್ನು ನಂಬಬೇಡಿ.

35 ಡಿಗ್ರಿ, 4 ದಿನ. ಒಣಗದಂತೆ ಪ್ಲೇಟ್‌ಗಳನ್ನು ಒದ್ದೆ ಹತ್ತಿ ಇಟ್ಟ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಇನ್‌ಕ್ಯುಬೇಟರ್ ರಾತ್ರಿಯಿಡೀ ತಣ್ಣಗಾಗಿದ್ದರೆ 4ನೇ ದಿನದ ಮದ್ದಿಲ್ಲದ ಬಾವಿಯೂ ತೆಳುವಾಗಿರುತ್ತದೆ. ಆ ತೆಳು ಬೆಳವಣಿಗೆಗೆ ಹೋಲಿಸಿ ಓದಿದರೆ ಎಂಐಸಿ ತಪ್ಪಾಗುತ್ತದೆ. ಇನ್ನೊಂದು ದಿನ ಇಟ್ಟು ಓದಿ ‘5ನೇ ದಿನ’ ಎಂದು ಬರೆಯಿರಿ, ಇಲ್ಲವೇ ಮತ್ತೆ ಹಾಕಿ. ಮದ್ದಿಲ್ಲದ ಬಾವಿಗೆ ಹೋಲಿಸಿ ಬೆಳವಣಿಗೆ ಶೇಕಡಾ 80ರಷ್ಟು ಕುಗ್ಗಿದ ಮೊದಲ ಬಾವಿಯೇ ಎಂಐಸಿ. ಟರ್ಬಿನಾಫಿನ್‌ನಲ್ಲಿ ಗೆರೆ ಕೊಯ್ದಂತೆ ಕಾಣುತ್ತದೆ. ಇಟ್ರಾಕೊನಜೋಲ್‌ನಲ್ಲಿ ತೆಳು ಮಂಜಿನಂತೆ ಬೆಳವಣಿಗೆ ಮುಂದಿನ ನಾಲ್ಕೈದು ಬಾವಿಗಳಿಗೂ ಎಳೆದುಕೊಂಡು ಹೋಗುವುದುಂಟು. ಇಬ್ಬರು ಬೇರೆಬೇರೆಯಾಗಿ ಓದಿ ಹೋಲಿಸುವುದು ಒಳ್ಳೆಯದು. ರೋಗಿಗೆ ಇದು ನಾಟುತ್ತದೆ, ಇದು ನಾಟುವುದಿಲ್ಲ ಎಂದು ಹೇಳುವ ಗಡಿ ಅಂಕೆಯನ್ನು ಸಿಎಲ್‌ಎಸ್‌ಐ ಈ ಶಿಲೀಂಧ್ರಗಳಿಗೆ ನಿಗದಿ ಮಾಡಿಲ್ಲ. ಯುರೋಪಿನ ಅಂಥದೇ ಸಮಿತಿ ಯೂಕಾಸ್ಟ್‌ನ ವಿಧಾನದಲ್ಲಿ ಬೀಜಕದ ಸಂಖ್ಯೆ, ಉಷ್ಣತೆ, ಓದುವ ಬಿಂದು ಎಲ್ಲ ಬೇರೆ. ಅಲ್ಲಿನ ಅಂಕೆಯನ್ನು ಇಲ್ಲಿಗೆ ತಂದು ಅಂಟಿಸಬಾರದು.

ಜೀನ್ ಓದುವುದು

ಶಿಲೀಂಧ್ರದ ಕೋಶದ ಗೋಡೆಯಲ್ಲಿ ಕೈಟಿನ್ ಎಂಬ ಗಟ್ಟಿ ವಸ್ತುವಿದೆ, ಸುಲಭಕ್ಕೆ ಒಡೆಯದು. ದ್ರವ ಮಾಧ್ಯಮದಲ್ಲಿ ಮೂರ್ನಾಲ್ಕು ದಿನ ಬೆಳೆದ ಎಳೆಯನ್ನು ಫಿಲ್ಟರ್ ಕಾಗದಗಳ ನಡುವೆ ಒತ್ತಿ ನೀರು ತೆಗೆದು, 100 ಮಿ.ಗ್ರಾಂ ಅನ್ನು ದ್ರವ ಸಾರಜನಕದಲ್ಲಿ ಒರಳಿನಲ್ಲಿ ಅರೆಯುತ್ತೇವೆ. ದ್ರವ ಸಾರಜನಕಕ್ಕಾಗಿ ಬೆಂಗಳೂರಿನತ್ತ ನೋಡಬೇಕಿಲ್ಲ. ದನಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿ ಇಡುವ ಕ್ಯಾನ್‌ಗಳಲ್ಲಿ ಇರುವುದೂ ಅದೇ. ಪಶುವೈದ್ಯರಿಗೆ ಪೂರೈಸುವವರಲ್ಲಿ ವಿಚಾರಿಸಿದರೆ ಸಿಗುತ್ತದೆ. ಒರಳಿನಲ್ಲಿ ಎಳೆ ಅವಲಕ್ಕಿ ಪುಡಿಯಂತೆ ಬಿಳಿಯಾಗುವವರೆಗೆ ಅರೆದು, ಕರಗುವ ಮುನ್ನವೇ ಕೋಶ ಒಡೆದು ಡಿಎನ್‌ಎ ಬಿಡಿಸುವ 65 ಡಿಗ್ರಿಯ ಸಿಟ್ಯಾಬ್ ದ್ರವಕ್ಕೆ (ಸಿಟ್ಯಾಬ್ ಶೇಕಡಾ 2, ಉಪ್ಪು 1.4 ಮೋಲಾರ್, ಟ್ರಿಸ್ 100 ಮಿಲಿಮೋಲಾರ್ ಪಿಹೆಚ್ 8, ಇಡಿಟಿಎ 20 ಮಿಲಿಮೋಲಾರ್) ಹಾಕಬೇಕು. ಕರಗಿದ ಮೇಲೆ ಹಾಕಿದರೆ ಶಿಲೀಂಧ್ರದ್ದೇ ಕಿಣ್ವಗಳು ಡಿಎನ್‌ಎ ಕತ್ತರಿಸಿರುತ್ತವೆ. ಒಂದು ಗಂಟೆ, ಕ್ಲೊರೊಫಾರ್ಮ್, ಐಸೊಪ್ರೊಪನಾಲ್, ಶೇಕಡಾ 70ರ ಎಥನಾಲ್ ತೊಳೆತ: ಉಳಿದದ್ದು ಎಲ್ಲರೂ ಮಾಡುವಂತೆಯೇ. ಡಿಎನ್‌ಎಯ ಶುದ್ಧತೆ ತೋರುವ 260/230 ಅನುಪಾತ ತೀರ ಕಡಿಮೆ ಬಂದು ಪಿಸಿಆರ್ (ಬೇಕಾದ ಡಿಎನ್‌ಎ ತುಣುಕನ್ನು ಪ್ರತಿ ಮಾಡಿ ಹೆಚ್ಚಿಸುವ ಕ್ರಿಯೆ) ಹೊರಡದಿದ್ದರೆ ಡಿಎನ್‌ಎ ಹೆಚ್ಚು ಹಾಕಬೇಡಿ, ಹತ್ತು ಪಟ್ಟು ತೆಳುಮಾಡಿ ಹಾಕಿ. ಅಡ್ಡಿ ಮಾಡುತ್ತಿರುವುದು ಅದರೊಡನೆ ಬಂದ ಶರ್ಕರಗಳ ಅಂಟು.

ಪಿಸಿಆರ್ 25 ಮೈಕ್ರೋಲೀಟರಿನದು: ಮಾಸ್ಟರ್ ಮಿಕ್ಸ್ 12.5, 10 ಮೈಕ್ರೋಮೋಲಾರ್ ಪ್ರೈಮರ್ (ಪ್ರತಿ ಶುರುಮಾಡುವ ಸಣ್ಣ ಡಿಎನ್‌ಎ ತುಣುಕು) ತಲಾ 1, ಡಿಎನ್‌ಎ 1, ಉಳಿದದ್ದು ನೀರು. ಪ್ರೈಮರ್‌ಗಳು ಎಸ್‌ಕ್ಯೂಎಲ್‌ಇಯ 393 ಮತ್ತು 397ನೇ ಕೋಡಾನ್‌ಗಳಿಂದ (ಒಂದು ಅಮೈನೋ ಆಮ್ಲ ಸೂಚಿಸುವ ಮೂರು ಅಕ್ಷರದ ಗುಂಪು ಒಂದು ಕೋಡಾನ್) ಎರಡೂ ಬದಿ ಕನಿಷ್ಠ 150 ಅಕ್ಷರ ದೂರ ಇರಲಿ. ಸ್ಯಾಂಗರ್ ಸೀಕ್ವೆನ್ಸಿಂಗ್ ವಿಧಾನದ ಓದಿನ ಮೊದಲ 30–50 ಅಕ್ಷರ ಕೈಗೆ ಸಿಗುವುದಿಲ್ಲ. 448ನೇ ಕೋಡಾನ್ ಕೂಡ ಒಳಗೆ ಬರುವಂತೆ ಮಾಡಿಕೊಂಡರೆ ಉತ್ತಮ. ಎರಡೂ ದಿಕ್ಕಿನಿಂದ ಓದಿಸಿ. ಕೊರಿಯರ್‌ನಲ್ಲಿ ಕಳಿಸುವ ಟ್ಯೂಬಿನ ಮುಚ್ಚಳಕ್ಕೆ ಪ್ಯಾರಾಫಿಲ್ಮ್ ಸುತ್ತಿ. ಒಣಗಿ ತಲುಪಿದ ಟ್ಯೂಬು ಅಂದರೆ ಒಂದು ವಾರ ಹೋಯಿತು.

ಓದು ಬಂದ ಮೇಲೆ ತಂತ್ರಾಂಶ ಕೊಟ್ಟ ಅಕ್ಷರಗಳನ್ನಷ್ಟೇ ನೋಡಬೇಡಿ, ಬಣ್ಣದ ಶಿಖರಗಳನ್ನು ಕಣ್ಣಾರೆ ನೋಡಿ. ಪ್ರೊಟೀನ್ ಸಂಕೇತದ ಅನುಕ್ರಮದ ಮೇಲೆ ಎಣಿಸಿದರೆ 397ನೇ ಕೋಡಾನ್ 1189ರಿಂದ 1191ನೇ ಅಕ್ಷರ. ಸಾಮಾನ್ಯ ತಳಿಯಲ್ಲಿ ಟಿಟಿಸಿ, ಅಂದರೆ ಫಿನೈಲ್‌ಅಲನಿನ್. ಅದು ಸಿಟಿಸಿ ಆದರೂ, ಟಿಟಿಎ ಆದರೂ, ಟಿಟಿಜಿ ಆದರೂ ಬರುವುದು ಲ್ಯೂಸಿನ್. ಇದೇ ಎಫ್397ಎಲ್ (ಎಫ್ ಫಿನೈಲ್‌ಅಲನಿನ್, ಎಲ್ ಲ್ಯೂಸಿನ್), ಭಾರತದ ತಳಿಗಳಲ್ಲಿ ಹೆಚ್ಚು ಕಾಣುವುದು. ಆದರೆ ಟಿಟಿಟಿ ಆದರೆ? ಅಕ್ಷರ ಬದಲಾಗಿದೆ, ಅಮೈನೋ ಆಮ್ಲ ಫಿನೈಲ್‌ಅಲನಿನ್ ಆಗಿಯೇ ಉಳಿದಿದೆ. ‘ಬದಲಾವಣೆ ಇದೆ’ ಎಂದು ಅವಸರದಲ್ಲಿ ಬರೆದರೆ ಒಬ್ಬರ ಚಿಕಿತ್ಸೆ ವಿನಾಕಾರಣ ಬದಲಾಗುತ್ತದೆ. 393ನೇ ಕೋಡಾನ್‌ನಲ್ಲಿ ಟಿಟಿಎ ಲ್ಯೂಸಿನ್; ಟಿಸಿಎ ಆದರೆ ಸೆರಿನ್, ಟಿಟಿಸಿ ಆದರೆ ಫಿನೈಲ್‌ಅಲನಿನ್, ಎರಡೂ ಟರ್ಬಿನಾಫಿನ್‌ನ ಹಿಡಿತ ತಪ್ಪಿಸುತ್ತವೆ. 448ರಲ್ಲಿ ಅಲನಿನ್ ಹೋಗಿ ಥ್ರಿಯೋನಿನ್ ಬಂದಿರುವುದು ಆಗಾಗ ಕಾಣುತ್ತದೆ. ಅದೊಂದೇ ಇದ್ದರೆ ಟರ್ಬಿನಾಫಿನ್‌ನ ಎಂಐಸಿ ಸಾಮಾನ್ಯವಾಗಿ ಏರಿರುವುದಿಲ್ಲ. ಇನ್ನೊಂದು: ಜೀನೋಮ್‌ನ ಅನುಕ್ರಮದ ಮೇಲೆ ಎಣಿಸುತ್ತಿದ್ದರೆ ಮೊದಲು ಇಂಟ್ರಾನ್ (ಪ್ರೊಟೀನ್ ಸಂಕೇತವಿಲ್ಲದ ನಡುವಿನ ತುಣುಕು) ಇದೆಯೇ ನೋಡಿ ಕಳೆಯಿರಿ, ಇಲ್ಲದಿದ್ದರೆ ಎಲ್ಲ ಸಂಖ್ಯೆಯೂ ಜಾರುತ್ತದೆ.

1189ರ ಜಾಗದಲ್ಲಿ ಟಿ ಮತ್ತು ಸಿ ಎರಡರ ಶಿಖರವೂ ಒಂದರ ಮೇಲೊಂದು ಕಂಡರೆ? ಮನುಷ್ಯರ ಜೀನ್ ಓದಿ ಅಭ್ಯಾಸವಿದ್ದವರು ‘ಹೆಟಿರೊಜೈಗಸ್’ (ಜೀನ್‌ನ ಎರಡು ಪ್ರತಿ ಬೇರೆಬೇರೆ) ಎಂದು ಬರೆದುಬಿಡುತ್ತಾರೆ. ಈ ಶಿಲೀಂಧ್ರದಲ್ಲಿ ಪ್ರತಿ ವರ್ಣತಂತು ಒಂದೊಂದೇ. ಎರಡು ಶಿಖರ ಎಂದರೆ ಎರಡು ತಳಿ ಬೆರೆತಿವೆ: ರೋಗಿಯ ಚರ್ಮದಲ್ಲೇ ಇರಬಹುದು, ನುಸಿ ತಂದಿರಬಹುದು, ಪಿಸಿಆರ್‌ನಲ್ಲೇ ಸೇರಿರಬಹುದು. ಒಂದೇ ಬೀಜಕದ ಐದಾರು ಕಾಲನಿ ಎತ್ತಿ ಬೇರೆಬೇರೆ ಓದಿಸಿದರೆ ಉತ್ತರ ಸಿಗುತ್ತದೆ.

ಜೀನ್ ಸರಿಯಿದ್ದೂ ಬೆಳೆದರೆ

ಎಸ್‌ಕ್ಯೂಎಲ್‌ಇಯಲ್ಲಿ ಏನೂ ಇಲ್ಲ, ಎಂಐಸಿಯೂ ಕಡಿಮೆ, ಆದರೂ ಶಿಲೀಂಧ್ರ ಮದ್ದಿನಲ್ಲಿ ಸಾಯುತ್ತಿಲ್ಲ ಎಂಬ ತಳಿಗಳಿವೆ. ಇದು ಪ್ರತಿರೋಧವಲ್ಲ, ಸಹಿಷ್ಣುತೆ. ಪ್ರತಿರೋಧಿ ತಳಿ ಮದ್ದಿದ್ದರೂ ಇಡಿಯಾಗಿ ಬೆಳೆಯುತ್ತದೆ; ಸಹಿಷ್ಣು ತಳಿಯಲ್ಲಿ ಕೆಲವು ಕೋಶಗಳು ಮಾತ್ರ ಮದ್ದನ್ನು ತಡೆದುಕೊಂಡು ನಿಧಾನವಾಗಿ ಬದುಕಿರುತ್ತವೆ, ಎಂಐಸಿ ಏರುವುದಿಲ್ಲ.

ಗುರುತಿಸುವ ಬಗೆ ಹೀಗೆ. ಎಂಐಸಿ ಮತ್ತು ಅದರ ಮೇಲಿನ ಬಾವಿಗಳಿಂದ ತೆಗೆದು ಮದ್ದಿಲ್ಲದ ಅಗಾರ್ ಮೇಲೆ ಹಾಕಿ, ಮರಳಿ ಬೆಳೆಯುತ್ತದೆಯೇ ನೋಡುವುದು. ಇಲ್ಲೊಂದು ಬಲೆ ಇದೆ. 32ರ ಬಾವಿಯಿಂದ 20 ಮೈಕ್ರೋಲೀಟರ್ ಎತ್ತಿದರೆ ಅದರೊಡನೆ 0.64 ಮೈಕ್ರೋಗ್ರಾಂ ಮದ್ದೂ ಬಂತು. 20 ಮಿ.ಲೀ. ಅಗಾರ್ ತುಂಬ ಹರಡಿದರೂ ಮಿ.ಲೀ.ಗೆ 0.032 ಆಗುತ್ತದೆ, ಹನಿ ಬಿದ್ದ ಜಾಗದಲ್ಲಿ ಇನ್ನೂ ಹೆಚ್ಚು. ಎಂಐಸಿ 0.015 ಇರುವ ತಳಿಯನ್ನು ತಡೆಯಲು ಅಷ್ಟೇ ಸಾಕು. ಬದುಕಿದ್ದದ್ದು ಬೆಳೆಯುವುದಿಲ್ಲ, ನಾವು ‘ಸತ್ತಿದೆ’ ಎಂದು ಬರೆಯುತ್ತೇವೆ. ಅದಕ್ಕೆ ಬಾವಿಯ ಪೂರ್ತಿ ದ್ರವವನ್ನು ತೆಗೆದು, ಸೆಂಟ್ರಿಫ್ಯೂಜ್ ಮಾಡಿ, ಸಲೈನ್‌ನಲ್ಲಿ ಎರಡು ಸಲ ತೊಳೆದ ಮೇಲೆಯೇ ಹರಡಬೇಕು.

ಬೆಳೆದ ಕಾಲನಿಯನ್ನು ಮದ್ದಿಲ್ಲದೆ ಎರಡು ಸಲ ಬೆಳೆಸಿ ಮತ್ತೆ ಎಂಐಸಿ ನೋಡಿ. ಮೊದಲಿನಷ್ಟೇ ಇದ್ದರೆ ಸಹಿಷ್ಣುತೆ. ಹಲವು ಪಟ್ಟು ಏರಿದ್ದರೆ ಆ ಬಾವಿಯಲ್ಲೇ ಹೊಸ ಬದಲಾವಣೆ ಆಯ್ಕೆಯಾಗಿದೆ, ಜೀನ್ ಮತ್ತೆ ಓದಿಸಿ.

ಸಹಿಷ್ಣುತೆಯ ಆನುವಂಶಿಕ ಬೇರು ಒಂದೇ ಅಕ್ಷರದಲ್ಲಿ ಸಿಗುವಂಥದ್ದಲ್ಲ. ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಯೀಸ್ಟ್‌ನಲ್ಲಿ ಈ ವಿಷಯ ಹೆಚ್ಚು ಬಿಡಿಸಿ ನೋಡಿದ್ದಾರೆ: ಅಜೋಲ್ ಗುಂಪಿನ ಫ್ಲುಕೊನಜೋಲ್ ಹೀರಿದ ಬಿಲ್ಲೆಯ ಸುತ್ತ 24 ಗಂಟೆಗೆ ಖಾಲಿ ಕಾಣುವ ವೃತ್ತದೊಳಗೆ 48 ಗಂಟೆಗೆ ತೆಳುವಾಗಿ ಬೆಳೆಯುವ ತಳಿ ಸಹಿಷ್ಣು. ಅಲ್ಲಿ ಕೋಶಕ್ಕೆ ಒತ್ತಡ ತಾಳಲು ನೆರವಾಗುವ ಹೆಚ್‌ಎಸ್‌ಪಿ90 ಅಥವಾ ಕ್ಯಾಲ್ಸಿನ್ಯೂರಿನ್ ಪ್ರೊಟೀನನ್ನು ತಡೆಯುವ ವಸ್ತು ಸೇರಿಸಿದರೆ ಆ ತೆಳು ಬೆಳವಣಿಗೆ ಕುಗ್ಗುತ್ತದೆ, ಎಂಐಸಿ ಹಾಗೆಯೇ ಇರುತ್ತದೆ. ಅಂದರೆ ಆಧಾರ ಮದ್ದಿನ ಗುರಿಯಲ್ಲಿಲ್ಲ, ಕೋಶ ಒತ್ತಡ ತಾಳುವ ವ್ಯವಸ್ಥೆಯಲ್ಲಿದೆ. ವರ್ಣತಂತುವಿನ ಪ್ರತಿ ಹೆಚ್ಚಾಗುವುದೂ ಇದೆ. ಟ್ರೈಕೊಫೈಟಾನ್‌ನಲ್ಲಿ ಮದ್ದನ್ನು ಹೊರಗೆ ತಳ್ಳುವ ಪಂಪುಗಳಿವೆ. ಅಜೋಲ್‌ಗಳಿಗೆ ಬಗ್ಗದ ಇಂಡೊಟಿನಿಯೇ ತಳಿಗಳಲ್ಲಿ ಸಿವೈಪಿ51ಬಿ ಜೀನ್ ಸಾಲಾಗಿ ಹಲವು ಪ್ರತಿ ಆಗಿರುವುದು ಕಂಡಿದೆ. ಈ ಪ್ರತಿಗಳು ಸ್ಯಾಂಗರ್ ಓದಿನಲ್ಲಿ ಕಾಣುವುದಿಲ್ಲ, ಏಕೆಂದರೆ ಎಲ್ಲ ಪ್ರತಿಯ ಅಕ್ಷರಗಳೂ ಒಂದೇ. ಒಂದೇ ಪ್ರತಿ ಇರುವ ಬೇರೊಂದು ಜೀನ್ ಪಕ್ಕದಲ್ಲಿಟ್ಟು ರಿಯಲ್ ಟೈಮ್ ಪಿಸಿಆರ್ ಮಾಡಬೇಕು. ಸಾಮಾನ್ಯ ತಳಿಗೆ ಹೋಲಿಸಿ ಒಂದು ಸೈಕಲ್ ಮುಂಚೆ ಬಂದರೆ ಎರಡು ಪಟ್ಟು, ಎರಡು ಸೈಕಲ್ ಮುಂಚೆ ಬಂದರೆ ನಾಲ್ಕು ಪಟ್ಟು. ಇದು ಎರಡೂ ಪ್ರೈಮರ್ ಜೋಡಿಯ ದಕ್ಷತೆ ನೂರರ ಹತ್ತಿರ ಇದ್ದಾಗ ಮಾತ್ರ. ಪಂಪುಗಳ ಮಟ್ಟ ಅಳೆಯಲು ಆರ್‌ಎನ್‌ಎ ಬೇಕು. ಅದನ್ನು ನಾವು ಇಲ್ಲಿ ಮಾಡುವುದಿಲ್ಲ.

ತಳಿಗಳನ್ನು ಉಳಿಸಿಕೊಳ್ಳುವುದು

ಪದೇಪದೇ ಅಗಾರ್ ಬದಲಿಸುತ್ತ ಹೋದರೆ ಹಿಟ್ಟಿನಂತಿದ್ದ ಕಾಲನಿಯಲ್ಲಿ ಹತ್ತಿಯಂಥ ಬಿಳಿ ಪಟ್ಟೆ ಏಳುತ್ತದೆ. ಆ ಭಾಗ ಬೀಜಕ ಕೊಡುವುದಿಲ್ಲ, ಮತ್ತೆ ಎಂಐಸಿ ಮಾಡಲಾಗದು. ಮೊದಲ ಶುದ್ಧ ಕಾಲನಿಯ ಬೀಜಕವನ್ನೇ ಶುದ್ಧ ನೀರಿನ ಸಣ್ಣ ಶೀಷೆಯಲ್ಲಿ ಬಿಗಿಮುಚ್ಚಿಡಿ. ವರ್ಷಗಟ್ಟಲೆ ಇರುತ್ತದೆ, ಕರೆಂಟಿನ ಹಂಗೂ ಇಲ್ಲ. ಫ್ರೀಜರ್ ಇದ್ದರೆ ಗ್ಲಿಸರಾಲ್‌ನಲ್ಲೂ ಒಂದು ಪ್ರತಿ. ಕೆಲಸ ಮುಗಿದ ಪ್ಲೇಟ್‌ಗಳು 121 ಡಿಗ್ರಿಯಲ್ಲಿ 30 ನಿಮಿಷ. ಮಣಿಕಟ್ಟು ಮುಚ್ಚುವ ಕೋಟು ಹಾಕದೆ ಬೀಜಕ ಉಜ್ಜಿದವರ ಮುಂಗೈಯಲ್ಲೇ ಉಂಗುರ ಎದ್ದೀತು.

ವರದಿಯನ್ನು ಒಂದೇ ಸಲಕ್ಕೆ ಕಳಿಸುವುದಿಲ್ಲ. ಕೆಓಹೆಚ್ ಫಲಿತಾಂಶ ಅದೇ ದಿನ, ಕಲ್ಚರ್ ಮತ್ತು ಜರಡಿ ಸುಮಾರು ಎರಡು ವಾರಕ್ಕೆ, ಎಂಐಸಿ ಮತ್ತು ಜೀನ್ ಓದು ಅದರ ಮುಂದಿನ ವಾರಗಳಲ್ಲಿ. ಕೊನೆಯ ವರದಿಯಲ್ಲಿ ನಾಲ್ಕು ಸಾಲು ಇರುತ್ತದೆ: ಐಟಿಎಸ್ ಪ್ರಕಾರ ಶಿಲೀಂಧ್ರದ ಹೆಸರು; ಟರ್ಬಿನಾಫಿನ್, ಇಟ್ರಾಕೊನಜೋಲ್ ಎರಡರ ಎಂಐಸಿ, ವಿಧಾನ ಮತ್ತು ಓದಿದ ದಿನದೊಂದಿಗೆ; 393, 397, 448ನೇ ಕೋಡಾನ್‌ಗಳಲ್ಲಿ ಕಂಡದ್ದು; ರೋಗಿ ತಂದು ತೋರಿಸಿದ ಟ್ಯೂಬಿನಲ್ಲಿ ಯಾವ ಸ್ಟೀರಾಯ್ಡ್ ಇತ್ತು ಎಂಬುದು.